ಇಶಾಪುರದ ಹಳೆಯ ಸೇನಾ ರೈಫಲ್ಲನ್ನು ಟೆಕ್ಸಸ್‌ನಲ್ಲಿ ಕೊಳ್ಳಬಹುದೇ?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವನು. ಬಹಳ ವರ್ಷಗಳಿಂದ ಟೆಕ್ಸಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಬಂದು ಎರಡು ವರ್ಷವಾಯಿತು. ಮನೆಯಲ್ಲಿ ಹೆಂಡತಿ, ಏಳು ವರ್ಷದ ಮಗ ಮತ್ತು ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುತ್ತಿರುವ ಭಾವಮೈದುನ ಇದ್ದಾರೆ. ಕಳೆದ ತಿಂಗಳು ಒಂದು ಗನ್ ಶೋಗೆ ಹೋಗಿದ್ದಾಗ ‘ಆರ್.ಎಫ್.ಐ. 2ಎ1 1967’ ಎಂಬ ಮುದ್ರೆಯಿದ್ದ ಬಂಗಾಳದ ಇಶಾಪುರ ಕಾರ್ಖಾನೆಯ ರೈಫಲ್ಲೊಂದನ್ನು ಕಂಡೆ. 450 ಡಾಲರ್ ಹೇಳಿದರು. ಅಂಗಡಿಯಲ್ಲಿ ಸಿಗುವ ಯಾವ .308 ತೋಟೆಯನ್ನಾದರೂ ಇದಕ್ಕೆ ಹಾಕಬಹುದು ಎಂದು ಮಾರುವವರ ಭರವಸೆ. ಜೊತೆಗೆ ಬಂದಿದ್ದ ಸಹೋದ್ಯೋಗಿ, ‘ಇದು .303 ರೈಫಲ್ಲನ್ನೇ ಕೊರೆದು ಮಾಡಿದ್ದು, ಮುಖಕ್ಕೇ ಸಿಡಿಯುತ್ತದೆ, ಇದರ ಬದಲು ಪಕ್ಕದ ಮೇಜಿನ ರಷ್ಯಾದ ಮೊಸಿನ್ ತೆಗೆದುಕೋ’ ಎಂದರು. ಮೊಸಿನ್‌ಗೆ ಸಿಗುವ ಹಳೆಯ ಮದ್ದುಗುಂಡಿನಿಂದ ನಳಿಗೆ ತುಕ್ಕು ಹಿಡಿದು ಹೋಗುತ್ತದೆ ಎಂದೂ ಕೇಳಿದ್ದೇನೆ. ಭಾವಮೈದುನನಿಗೂ ಗುರಿ ಹೊಡೆಯುವುದನ್ನು ಕಲಿಸುವ ಆಸೆಯಿದೆ. ಮುಂದೆ ಊರಿಗೆ ಮರಳುವಾಗ ರೈಫಲ್ಲನ್ನು ಒಯ್ದು ಕೈಲ್‌ಪೊಳ್ದ್ ಎಂಬ ನಮ್ಮ ಆಯುಧಪೂಜೆಯ ದಿನ ಮನೆಯ ಕೋವಿಯ ಜೊತೆ ಇಡಬೇಕೆಂದಿದ್ದೇನೆ. ಕೊಡವರಿಗೆ ಪರವಾನಗಿ ಬೇಡವಲ್ಲ?

ಉತ್ತರ: ರೈಫಲ್ಲು ಸಿಡಿಯುತ್ತದೆಯೇ, ನಳಿಗೆ ತುಕ್ಕು ಹಿಡಿಯುತ್ತದೆಯೇ ಎಂಬುದು ನಿಮ್ಮ ಮುಖ್ಯ ಚಿಂತೆಯಾಗಿದೆ, ಭಾವಮೈದುನನ ಮಾತನ್ನು ಕೊನೆಗೆ ಒಂದು ಸಣ್ಣ ಆಸೆಯೆಂಬಂತೆ ಸೇರಿಸಿದ್ದೀರಿ. ಸೇನೆಯಲ್ಲಿ ಬಂದೂಕು ದುರಸ್ತಿ ಮಾಡುವ ಆರ್ಮರರ್ ಆಗಿ, ಆಮೇಲೆ ಇಲ್ಲಿ ಹಳೆಯ ರೈಫಲ್ಲುಗಳ ದುರಸ್ತಿ ಮಾಡುತ್ತಾ ಬಂದಿರುವ ನನಗೆ ಈ ಕ್ರಮ ತಿರುಗುಮುರುಗಾಗಿ ಕಾಣುತ್ತದೆ. ರೈಫಲ್ಲನ್ನು ಗೇಜು ಹಾಕಿ ಪರೀಕ್ಷಿಸಬಹುದು, ತುಕ್ಕನ್ನು ಬಿಸಿನೀರಿನಿಂದ ತಡೆಯಬಹುದು. ಆದರೆ ವೀಸಾದ ವಿಷಯದಲ್ಲಿ ಒಮ್ಮೆ ತಪ್ಪಾದರೆ ಯಾವ ಮೆಕ್ಯಾನಿಕ್ಕನೂ ಸರಿಪಡಿಸಲಾರ. ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ.

ಗ್ರೀನ್ ಕಾರ್ಡ್ ಇರುವ ನೀವು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ರೈಫಲ್ ಕೊಳ್ಳಬಹುದು, ಇಟ್ಟುಕೊಳ್ಳಬಹುದು. ಪರವಾನಗಿ ಪಡೆದ ವ್ಯಾಪಾರಿಯಿಂದ ಕೊಳ್ಳುವಾಗ 4473 ಸಂಖ್ಯೆಯ ಫಾರ್ಮ್ ತುಂಬಬೇಕು. ಅದರಲ್ಲಿ ನಿಮ್ಮ ಪೌರತ್ವ ಭಾರತ ಎಂದು ಬರೆದು, ಗ್ರೀನ್ ಕಾರ್ಡಿನ ಮೇಲಿರುವ ನಿಮ್ಮ ವಲಸೆ ಸಂಖ್ಯೆಯನ್ನು ಕೊಡಬೇಕಾಗುತ್ತದೆ. ವ್ಯಾಪಾರಿ ಹಿನ್ನೆಲೆ ತಪಾಸಣೆ ನಡೆಸಿದ ಮೇಲಷ್ಟೇ ರೈಫಲ್ಲು ನಿಮ್ಮ ಕೈಗೆ ಬರುತ್ತದೆ. ಟೆಕ್ಸಸ್‌ನಲ್ಲಿ ಇಬ್ಬರು ಖಾಸಗಿ ನಿವಾಸಿಗಳ ನಡುವಿನ ಮಾರಾಟಕ್ಕೆ ಈ ತಪಾಸಣೆ ಕಡ್ಡಾಯವಿಲ್ಲ ಎಂದು ಗನ್ ಶೋದಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ನಿಜವೂ ಹೌದು. ಆದರೂ ಪೌರತ್ವದ ಅರ್ಜಿ ಹಾಕಲಿರುವವರು ದಾಖಲೆಯಿರುವ ದಾರಿಯನ್ನೇ ಹಿಡಿಯುವುದು ಲೇಸು. ಮಾರುವವರು ಖಾಸಗಿಯವರಾಗಿದ್ದರೆ ಒಬ್ಬ ವ್ಯಾಪಾರಿಯ ಮೂಲಕ ವರ್ಗಾವಣೆ ಮಾಡಿಸಿಕೊಡಿ ಎಂದು ಕೇಳಿ, ಅದಕ್ಕೆ ತಗಲುವ ಶುಲ್ಕ ದೊಡ್ಡದೇನಲ್ಲ. ಫಾರ್ಮಿನಲ್ಲಿ ಮರಿಹುವಾನಾ ಬಗ್ಗೆಯೂ ಒಂದು ಪ್ರಶ್ನೆಯಿದೆ. ಕೆಲವು ರಾಜ್ಯಗಳಲ್ಲಿ ಅದಕ್ಕೆ ಅನುಮತಿ ಇರಬಹುದು, ಆದರೆ ಈ ಫಾರ್ಮಿನ ಮಟ್ಟಿಗೆ ಫೆಡರಲ್ ಕಾನೂನಿನಲ್ಲಿ ಅದು ನಿಷಿದ್ಧವೇ ಎಂಬುದನ್ನು ಓದಿಕೊಂಡು ನಿಜವನ್ನೇ ಬರೆಯಬೇಕು. ಸುಳ್ಳು ಉತ್ತರವೇ ಒಂದು ಪ್ರತ್ಯೇಕ ಅಪರಾಧ. ಶಸ್ತ್ರಾಸ್ತ್ರ ಕಾನೂನಿನಡಿ ಶಿಕ್ಷೆಯಾದವರನ್ನು, ಅವರ ಬಳಿ ಗ್ರೀನ್ ಕಾರ್ಡ್ ಇದ್ದರೂ, ಗಡೀಪಾರು ಮಾಡಲು ವಲಸೆ ಕಾನೂನಿನಲ್ಲಿ ಅವಕಾಶವಿದೆ ಎಂಬುದನ್ನು ನಮ್ಮವರಲ್ಲಿ ಬಹಳ ಮಂದಿ ಅರಿತಿಲ್ಲ.

ನಿಮ್ಮ ಭಾವಮೈದುನನ ವಿಷಯ ಇದಕ್ಕಿಂತ ತೀರ ಬೇರೆ. ಎಚ್-1ಬಿ, ಎಲ್-1, ಎಫ್-1, ಎಚ್-4 ಮೊದಲಾದ ವಲಸೆಯೇತರ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಹೊಂದಿರುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. 2022ರ ತಿದ್ದುಪಡಿಯ ನಂತರ ಇದಕ್ಕೆ 15 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ‘ಹೊಂದಿರುವುದು’ ಎಂದರೆ ಸ್ವಂತಕ್ಕೆ ಕೊಂಡಿರಬೇಕೆಂದೇನಿಲ್ಲ, ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ಪಡೆದೋ ಸ್ನೇಹಿತರದ್ದನ್ನು ಇಸಿದುಕೊಂಡೋ ಕೈಯಲ್ಲಿ ಹಿಡಿದರೂ ಅದು ಹೊಂದಿರುವುದೇ ಆಗುತ್ತದೆ. ವಾರಾಂತ್ಯದಲ್ಲಿ ಆಫೀಸಿನವರೆಲ್ಲ ರೇಂಜಿಗೆ ಹೋಗಿ ಫೋಟೋ ಹಾಕಿಕೊಳ್ಳುವುದನ್ನು ನೀವೂ ಕಂಡಿರುತ್ತೀರಿ. ಆ ಫೋಟೋದಲ್ಲಿರುವ ಅರ್ಧ ಜನರಿಗೆ ತಾವು ತಮ್ಮ ವಿರುದ್ಧವೇ ಸಾಕ್ಷ್ಯ ಒದಗಿಸುತ್ತಿದ್ದೇವೆಂಬ ಅರಿವಿರುವುದಿಲ್ಲ.

ಈ ನಿಷೇಧಕ್ಕೆ ಕಾನೂನಿನಲ್ಲಿಯೇ ಕೆಲವು ವಿನಾಯಿತಿಗಳಿವೆ, ನಿಮ್ಮ ಮನೆಗೆ ಉಪಯೋಗಕ್ಕೆ ಬರುವುದು ಒಂದೇ: ಅಮೆರಿಕದ ಯಾವುದಾದರೊಂದು ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಅವರ ಬಳಿ ಇರಬೇಕು. ಬೇಟೆಯಾಡಲೇಬೇಕೆಂದಿಲ್ಲ, ಲೈಸೆನ್ಸ್ ಇದ್ದರೆ ಸಾಕು. ಟೆಕ್ಸಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಆ ಬಳಿಕ ಹುಟ್ಟಿದವರು ಬೇಟೆಗೆ ಬೇಟೆಗಾರರ ಶಿಕ್ಷಣದ ಕೋರ್ಸ್ ಮುಗಿಸಿರಬೇಕು. ಅಲ್ಲಿನ ವಾರ್ಷಿಕ ಲೈಸೆನ್ಸ್ ಯಾವ ತಿಂಗಳಲ್ಲಿ ಪಡೆದರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ, ಸೆಪ್ಟೆಂಬರಿನಲ್ಲಿ ನವೀಕರಿಸದೆ ರೇಂಜಿಗೆ ಹೋದರೆ ವಿನಾಯಿತಿಯೂ ಇಲ್ಲ. ಆ ಕೋರ್ಸನ್ನು ಅವರಿಗೆ ಮಾಡಿಸಿ, ಅದು ಹೇಗೂ ಒಳ್ಳೆಯದು. ಲೈಸೆನ್ಸ್ ಕೈಗೆ ಬರುವವರೆಗೆ ರೈಫಲ್ಲನ್ನು ಅವರ ಕೈಗೆ ಕೊಡಬೇಡಿ. ಒಂದೇ ಸೂರಿನಡಿ ವಾಸವಿರುವುದರಿಂದ ಬೀಗ ಹಾಕಿದ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು, ಅದರ ಸಂಖ್ಯೆ ಅವರಿಗೆ ತಿಳಿಯದಂತೆ ನೋಡಿಕೊಳ್ಳಿ, ಅವರಿಗೆ ಸಲೀಸಾಗಿ ಸಿಗುವಂತಿದ್ದರೆ ಅದನ್ನೂ ಹೊಂದಿರುವುದೆಂದು ವಾದಿಸಲು ಅವಕಾಶವಿದೆ. ಏಳು ವರ್ಷದ ಮಗನಿರುವ ಮನೆಗೆ ಆ ಪೆಟ್ಟಿಗೆ ಹೇಗೂ ಬೇಕು. 17 ವರ್ಷದೊಳಗಿನ ಮಗುವಿಗೆ ಗುಂಡು ತುಂಬಿದ ಬಂದೂಕು ಎಟುಕುವಂತೆ ಅಜಾಗರೂಕತೆಯಿಂದ ಇಟ್ಟು, ಅದು ಮಗುವಿನ ಕೈಗೆ ಸಿಕ್ಕರೆ ಟೆಕ್ಸಸ್ ದಂಡಸಂಹಿತೆಯಲ್ಲಿ ಅಪರಾಧ. ನಾನು ವಕೀಲನಲ್ಲ. ಅವರ ಗ್ರೀನ್ ಕಾರ್ಡ್ ಅರ್ಜಿ ನಡುದಾರಿಯಲ್ಲಿದ್ದರೆ ವಲಸೆ ವಕೀಲರನ್ನು ಒಂದು ಮಾತು ಕೇಳಿಯೇ ಮುಂದುವರಿಯಿರಿ.

ಈಗ ರೈಫಲ್ಲಿನ ಮಾತು. .303 ರೈಫಲ್ಲನ್ನು ಕೊರೆದು 7.62 (.308 ತೋಟೆಯ ಸೇನಾ ರೂಪ) ಮಾಡಿದ್ದಾರೆ ಎಂಬುದು ಅಮೆರಿಕದ ಗನ್ ಶೋಗಳಲ್ಲಿ ಬಹುಕಾಲದಿಂದ ಓಡಾಡುತ್ತಿರುವ ಮಾತು, ಆದರೆ ಲೆಕ್ಕಕ್ಕೆ ನಿಲ್ಲುವುದಿಲ್ಲ. .303ರ ಗುಂಡಿನ ವ್ಯಾಸ ಸುಮಾರು .311 ಇಂಚು, 7.62 ನೇಟೋ ಗುಂಡಿನದು .308 ಇಂಚು. ನಳಿಗೆಯನ್ನು ಕೊರೆದರೆ ತೂತು ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಅದೂ ಅಲ್ಲದೆ .303 ತೋಟೆಗೆ ಹಿಂಬದಿಯಲ್ಲಿ ಹೊರಚಾಚಿದ ಅಂಚಿದೆ, 7.62ಕ್ಕೆ ಇಲ್ಲ, ಆದ್ದರಿಂದ ತೋಟೆಯನ್ನು ಎಳೆದು ತೆಗೆಯುವ ಕೊಂಡಿಯೂ ಮ್ಯಾಗಜೀನೂ ಬೇರೆಯೇ ಆಗಬೇಕು. 2ಎ ಮತ್ತು 2ಎ1 ರೈಫಲ್ಲುಗಳು ಇಶಾಪುರದಲ್ಲಿ ಹೊಸದಾಗಿಯೇ ತಯಾರಾದವು.

1962ರ ಚೀನಾ ಯುದ್ಧದಲ್ಲಿ ನಮ್ಮ ಪದಾತಿಗಳ ಕೈಯಲ್ಲಿದ್ದದ್ದು ಹೆಚ್ಚಾಗಿ ಬ್ರಿಟಿಷರ ಕಾಲದ .303 ಲೀ-ಎನ್‌ಫೀಲ್ಡ್. ಆಮೇಲೆ ಸೇನೆ 7.62 ತೋಟೆಯ ಅರೆಸ್ವಯಂಚಾಲಿತ ರೈಫಲ್ಲಿಗೆ ಹೊರಳಿತು. ಅವು ಎಲ್ಲರಿಗೂ ಸಾಲುವಷ್ಟು ತಯಾರಾಗುವವರೆಗೆ ಅದೇ ತೋಟೆಯನ್ನು ಹಾರಿಸಬಲ್ಲ ಬೋಲ್ಟ್ ರೈಫಲ್ಲೊಂದು, ಅಂದರೆ ಪ್ರತಿ ಗುಂಡಿಗೂ ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎಳೆದು ಮುಚ್ಚುವಂಥದ್ದು, ಬೇಕಾಗಿತ್ತು. ಹೂಗ್ಲಿ ದಂಡೆಯ ಇಶಾಪುರದ ಕಾರ್ಖಾನೆಗೆ ಲೀ-ಎನ್‌ಫೀಲ್ಡ್ ಮಾಡಿ ಕೈ ಪಳಗಿತ್ತು, ಅದರ ಸ್ವರೂಪವನ್ನೇ ಉಳಿಸಿಕೊಂಡು ಹೆಚ್ಚಿನ ಒತ್ತಡ ತಾಳುವ ಉಕ್ಕಿನಲ್ಲಿ ಹೊಸ ರೈಫಲ್ಲನ್ನು ಮಾಡಿದರು. ಮೊದಲು ಬಂದ 2ಎ ಮಾದರಿಯ ಹಿಂಬದಿ ಸೈಟಿನಲ್ಲಿ (ಗುರಿ ನೋಡುವ ಪಟ್ಟಿಯಲ್ಲಿ) 2000 ಮೀಟರಿನವರೆಗೆ ಗುರುತುಗಳಿದ್ದವು. ಅಷ್ಟು ದೂರಕ್ಕೆ ಯಾರೂ ಗುರಿಯಿಡುವುದಿಲ್ಲವೆಂದು 2ಎ1ರಲ್ಲಿ ಅದನ್ನು 800 ಮೀಟರಿಗೆ ಇಳಿಸಿದರು. ನೀವು ಕಂಡದ್ದು ನಿಜವಾದ 2ಎ1 ಆಗಿದ್ದರೆ ಸೈಟಿನ ಪಟ್ಟಿಯ ಕೊನೆಯ ಅಂಕಿ 8 ಇರಬೇಕು, ಮ್ಯಾಗಜೀನಿನ ತಳ .303ರದರಂತೆ ಓರೆಯಾಗಿರದೆ ಚೌಕಾಕಾರವಾಗಿರಬೇಕು. ಮುಂಭಾಗದ ಮರಕ್ಕೆ ಅಡ್ಡಲಾಗಿ ತೂರಿಸಿದ ಒಂದು ಸ್ಕ್ರೂ ಕಂಡರೆ ಯಾರೋ ಒಡೆದ ಮರವನ್ನು ಜೋಡಿಸಿದ್ದಾರೆಂದು ಭಾವಿಸಬೇಡಿ, ಅದು ಕಾರ್ಖಾನೆಯವರೇ ಮರ ಸೀಳದಿರಲೆಂದು ಹಾಕಿದ್ದು. ಇಲ್ಲಿನ ಸಂಗ್ರಾಹಕರು ಅದನ್ನು ಇಶಾಪುರ ಸ್ಕ್ರೂ ಎಂದೇ ಕರೆಯುತ್ತಾರೆ.

ಹಾಗೆಂದು ನಿಮ್ಮ ಸಹೋದ್ಯೋಗಿಯ ಭಯ ಪೂರ್ತಿ ಆಧಾರವಿಲ್ಲದ್ದೂ ಅಲ್ಲ. .303ಕ್ಕೆ ಅಮೆರಿಕದ ತಯಾರಕರ ಮಾನದಂಡದಲ್ಲಿ ಗರಿಷ್ಠ ಒತ್ತಡ ಚದರ ಇಂಚಿಗೆ 49,000 ಪೌಂಡ್, .308ಕ್ಕೆ 62,000. ಲೀ-ಎನ್‌ಫೀಲ್ಡ್‌ನ ಬೋಲ್ಟಿಗೆ ಬೀಗದ ಹಲ್ಲುಗಳಿರುವುದು ಹಿಂಭಾಗದಲ್ಲಿ, ಮೌಸರ್‌ನಂತೆ ಮುಂಭಾಗದಲ್ಲಲ್ಲ. ಗುಂಡು ಹಾರುವ ಕ್ಷಣದಲ್ಲಿ ಬೋಲ್ಟ್ ಒಂದಿಷ್ಟು ಅದುಮಿಕೊಳ್ಳುತ್ತದೆ, ಬೋಲ್ಟನ್ನು ಹಿಡಿದಿರುವ ರಿಸೀವರ್ ಎಂಬ ಚೌಕಟ್ಟು ಒಂದಿಷ್ಟು ಹಿಗ್ಗುತ್ತದೆ, ಅದರ ಪರಿಣಾಮವಾಗಿ ತೋಟೆಯ ಹಿತ್ತಾಳೆಯೂ ಉದ್ದಕ್ಕೆ ಎಳೆಯಲ್ಪಡುತ್ತದೆ. ಈ ರಚನೆಯ ಮಿತಿ ಇದು. ಇಶಾಪುರದವರು ಉಕ್ಕನ್ನು ಬದಲಿಸಿದ್ದರಿಂದ ಸೇನಾ ತೋಟೆಗೆ ತೊಂದರೆಯಿಲ್ಲ, ಆದರೆ ‘ಯಾವ .308 ಆದರೂ ಸರಿ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. 7.62 ನೇಟೋ 50,000, .308 ವಿಂಚೆಸ್ಟರ್ 62,000, ಆದ್ದರಿಂದ ಎರಡನೆಯದು ಕಾಲು ಪಾಲು ಹೆಚ್ಚು ಶಕ್ತಿಯದು ಎಂದು ಅಂಕಿಗಳನ್ನು ಮುಂದಿಟ್ಟು ಹೆದರಿಸುವವರಿದ್ದಾರೆ. ಆ 50,000 ತಾಮ್ರದ ತುಂಡು ಎಷ್ಟು ಜಜ್ಜಿಹೋಯಿತೆಂದು ನೋಡಿ ಲೆಕ್ಕ ಹಾಕಿದ ಹಳೆಯ ವಿಧಾನದ್ದು, 62,000 ವಿದ್ಯುತ್ ಸಂವೇದಕದಿಂದ ಅಳೆದದ್ದು. ಅದೇ .308 ತೋಟೆಯನ್ನು ತಾಮ್ರದ ವಿಧಾನದಲ್ಲಿ ಅಳೆದಾಗ ನಿಗದಿಯಾದ ಮಿತಿ 52,000. ಎಂದರೆ ಎರಡರ ನಡುವಿನ ಅಂತರ ಅವರು ಹೇಳುವಷ್ಟು ದೊಡ್ಡದಲ್ಲ. ನಿಜವಾದ ವ್ಯತ್ಯಾಸವಿರುವುದು ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗವಾದ ಚೇಂಬರಿನ ಉದ್ದದಲ್ಲಿ ಮತ್ತು ಹಿತ್ತಾಳೆಯ ದಪ್ಪದಲ್ಲಿ.

ತೋಟೆಯನ್ನು ಚೇಂಬರಿಗೆ ತಳ್ಳಿ ಬೋಲ್ಟ್ ಮುಚ್ಚಿದಾಗ ತೋಟೆಯ ಭುಜ ಮುಂದಕ್ಕೂ ಅದರ ತಳ ಬೋಲ್ಟಿಗೂ ತಾಗಿ ಕೂರಬೇಕು. ಈ ಅಳತೆಗೆ ಹೆಡ್‌ಸ್ಪೇಸ್ ಎನ್ನುತ್ತಾರೆ. ಹಿತ್ತಾಳೆಯ ಕವಚ ಇಲ್ಲಿ ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ಟಿನ ಕೆಲಸ ಮಾಡುತ್ತದೆ: ಹಿಗ್ಗಿ ಗೋಡೆಗೆ ಅಂಟಿಕೊಂಡು ಬಿಸಿ ಅನಿಲ ಹಿಂದಕ್ಕೆ ಬರದಂತೆ ತಡೆಯುತ್ತದೆ. ಹೆಡ್‌ಸ್ಪೇಸ್ ಹೆಚ್ಚಾಗಿದ್ದರೆ ಕವಚ ಹಿಂದಕ್ಕೆ ಜಗ್ಗಿ, ತಳದಿಂದ ಸ್ವಲ್ಪ ಮೇಲೆ ತೆಳುವಾಗಿ, ಕೊನೆಗೆ ಅಲ್ಲಿಯೇ ಕತ್ತರಿಸಿಹೋಗಬಹುದು. ಆಗ ಅನಿಲ ಹೊಡೆಯುವುದು ಶೂಟರಿನ ಕಣ್ಣಿನ ಕಡೆಗೆ. ಸೇನಾ ರೈಫಲ್ಲುಗಳ ಚೇಂಬರನ್ನು ಕೆಸರು ಮಣ್ಣಿನಲ್ಲೂ ಬೋಲ್ಟ್ ಮುಚ್ಚಿಕೊಳ್ಳಲೆಂದು ಸ್ವಲ್ಪ ಧಾರಾಳವಾಗಿಯೇ ಕೊರೆದಿರುತ್ತಾರೆ, ಸೇನಾ ತೋಟೆಯ ಹಿತ್ತಾಳೆಯೂ ಅದಕ್ಕೆ ತಕ್ಕಂತೆ ದಪ್ಪಗಿರುತ್ತದೆ. ಬೇಟೆಗೆಂದು ತಯಾರಾದ ವಾಣಿಜ್ಯ ತೋಟೆಯ ಹಿತ್ತಾಳೆ ಸಾಮಾನ್ಯವಾಗಿ ಅದಕ್ಕಿಂತ ತೆಳು. ತೊಂದರೆ ಹುಟ್ಟುವುದು ಈ ಎರಡೂ ಜೊತೆಗೂಡಿದಾಗ.

ಆದ್ದರಿಂದ ಮೊದಲ ಗುಂಡು ಹಾರಿಸುವ ಮೊದಲು ಗನ್‌ಸ್ಮಿತ್ ಬಳಿ ಹೆಡ್‌ಸ್ಪೇಸ್ ಅಳೆಸಿ. .308ರ ಗೇಜುಗಳು 1.630, 1.634 ಮತ್ತು 1.638 ಇಂಚಿನವು. ಬೋಲ್ಟ್ ಮೊದಲನೆಯದರ ಮೇಲೆ ಮುಚ್ಚಬೇಕು. ಎರಡನೆಯದರ ಮೇಲೆ ಮುಚ್ಚಿಕೊಂಡರೂ ಸೇನಾ ಚೇಂಬರಿನ ಮಟ್ಟಿಗೆ ಅದು ಅನಿರೀಕ್ಷಿತವಲ್ಲ, ಸೇನಾ ತೋಟೆಗೆ ಸೀಮಿತವಾಗಿರಬೇಕೆಂಬ ಸೂಚನೆ ಅಷ್ಟೆ. ಮೂರನೆಯದರ ಮೇಲೂ ಸಲೀಸಾಗಿ ಮುಚ್ಚಿಕೊಂಡರೆ ನಾನಾಗಿದ್ದರೆ ಆ ರೈಫಲ್ಲನ್ನು ಬೋಲ್ಟಿನ ಮುಂತುದಿಯ ಬಿಡಿಭಾಗವಾದ ಬೋಲ್ಟ್ ಹೆಡ್ ಬದಲಿಸಿ ಸರಿಪಡಿಸುವವರೆಗೆ ಹಾರಿಸುವುದಿಲ್ಲ. ಹಾರಿಸಿದ ಮೇಲೆ ಮೊದಲ ಕೆಲವು ಖಾಲಿ ಕವಚಗಳನ್ನು ಎತ್ತಿಟ್ಟುಕೊಂಡು ಬೆಳಕಿಗೆ ಹಿಡಿಯಿರಿ. ತಳದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಉಂಗುರದಂತಹ ಗೆರೆ ಕಂಡರೆ, ಪೇಪರ್ ಕ್ಲಿಪ್ಪನ್ನು ನೇರ ಮಾಡಿ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಕವಚದೊಳಗೆ ಇಳಿಸಿ, ಗೋಡೆಗೆ ಒತ್ತಿಕೊಂಡೇ ಮೇಲಕ್ಕೆ ಎಳೆಯಿರಿ. ಉಂಗುರ ಕಂಡಲ್ಲಿಯೇ ಕೊಕ್ಕೆ ಹಳ್ಳಕ್ಕೆ ಬಿದ್ದಂತೆ ತಡೆದು ನಿಂತರೆ ಕವಚ ಒಳಗಿನಿಂದ ಹರಿಯುತ್ತಿದೆ ಎಂದೇ ಅರ್ಥ, ಅಂದಿನ ಶೂಟಿಂಗ್ ಅಲ್ಲಿಗೆ ಮುಗಿಯಬೇಕು. ತೋಟೆಯ ವಿಷಯದಲ್ಲಿ ನನ್ನ ಸಲಹೆ 7.62 ನೇಟೋ ಮಾನಕದ, ಹೊಸದಾಗಿ ತಯಾರಾದ, 147ರಿಂದ 150 ಗ್ರೇನ್ ತೂಕದ ತಾಮ್ರಕವಚದ ಗುಂಡು. ಜಿಂಕೆಗೆಂದು ಮಾರುವ 180 ಗ್ರೇನಿನ ಬಿರುಸಾದ ತೋಟೆಗಳು ಈ ರೈಫಲ್ಲಿಗೆ ಬೇಡ. ಕಣ್ಣಿಗೆ ಶೂಟಿಂಗ್ ಕನ್ನಡಕ, ಕಿವಿಗೆ ರಕ್ಷಣೆ ಇಲ್ಲದೆ ಒಂದು ಗುಂಡೂ ಬೇಡ. ರೈಫಲ್ಲಿನ ಸದ್ದು 140 ಡೆಸಿಬೆಲ್ಲಿಗಿಂತ ಹೆಚ್ಚು, ಹೋದ ಕಿವಿ ಮರಳಿ ಬರುವುದಿಲ್ಲ.

ಮೇಜಿನ ಮುಂದೆ ನಿಂತಾಗ ಏನು ನೋಡಬೇಕು? ರೈಫಲ್ಲು ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಮಾರುವವರ ಒಪ್ಪಿಗೆ ಪಡೆದು ಬೋಲ್ಟ್ ತೆಗೆದು ನಳಿಗೆಯಲ್ಲಿ ಬೆಳಕು ಹಾಯಿಸಿ. ಒಳಗಿನ ಸುರುಳಿ ಗೆರೆಗಳು ಅಂಚು ಚೂಪಾಗಿ ಕಾಣಬೇಕು. ಬಣ್ಣ ಕಪ್ಪಾಗಿದ್ದರೆ ಅದು ಕೊಳೆ ಇರಬಹುದು, ತೊಳೆದರೆ ಹೋಗುತ್ತದೆ. ಗೆರೆಗಳ ಮೂಲೆಯಲ್ಲಿ ಕುಳಿಬಿದ್ದಿದ್ದರೆ ಅದು ತುಕ್ಕು ತಿಂದ ಗಾಯ, ಯಾವ ಎಣ್ಣೆಗೂ ವಾಸಿಯಾಗದು. ನಳಿಗೆಯ ಬಾಯಿಯನ್ನು ಬೇರೆಯಾಗಿಯೇ ನೋಡಬೇಕು. ಈ ರೈಫಲ್ಲುಗಳನ್ನು ಹಗ್ಗ ತೂರಿಸಿ ಎಳೆದು ಶುಚಿ ಮಾಡುತ್ತಿದ್ದರು, ಓರೆಯಾಗಿ ಎಳೆದೆಳೆದು ಬಾಯಿಯ ಒಂದು ಬದಿ ಸವೆದಿರುವುದುಂಟು. ಮದ್ದಿಲ್ಲದ ಬಿಡಿ ಗುಂಡೊಂದರ ಮೂತಿಯನ್ನು ಬಾಯಿಗೆ ಇಟ್ಟು ನೋಡಿ, ಬದಿಗೆ ಅಲುಗಾಡದೆ ನಿಂತು, ಅದರ ನೇರ ಮೈ ಹೊರಗೇ ಉಳಿದರೆ ಒಳ್ಳೆಯ ಲಕ್ಷಣ. ಬಳಿಕ ಸಂಖ್ಯೆಗಳನ್ನು ಹೋಲಿಸಿ: ರಿಸೀವರಿನ ಮೇಲಿರುವ ಸಂಖ್ಯೆಯೇ ಬೋಲ್ಟಿನ ಹಿಡಿಯ ಬುಡದಲ್ಲೂ ಇರಬೇಕು. ಬೋಲ್ಟ್ ಬೇರೆಯಾಗಿದ್ದರೆ ಬೆಲೆ ಇಳಿಯಬೇಕು, ಹೆಡ್‌ಸ್ಪೇಸ್ ಅಳೆಸುವುದಂತೂ ತಪ್ಪಿಸಲಾಗದ್ದಾಗುತ್ತದೆ. ಮರವನ್ನು ಹಿಡಿದು ಅಲುಗಿಸಿ ನೋಡಿ. ಬಂಗಾಳದ ತೇವದಿಂದ ಟೆಕ್ಸಸ್‌ನ ಒಣ ಭಾಗಗಳಿಗೆ ಬಂದ ಮರ ಕುಗ್ಗಿ, ಟ್ರಿಗ್ಗರಿನ ಬಳಿ ಸಡಿಲವಾಗಿ ಸೀಳುಬಿಟ್ಟಿರುತ್ತದೆ, ಲೀ-ಎನ್‌ಫೀಲ್ಡ್‌ನ ಗುರಿ ಕೆಡುವುದಕ್ಕೆ ನಳಿಗೆಗಿಂತ ಈ ಮರವೇ ಕಾರಣವಾಗಿರುವುದನ್ನು ನಾನು ಹೆಚ್ಚು ಕಂಡಿದ್ದೇನೆ. ಕುದುರೆ (ಟ್ರಿಗ್ಗರ್) ಎಳೆದಾಗ ಮೊದಲು ಸಡಿಲವಾಗಿ ಹಿಂದೆ ಬಂದು, ನಡುವೆ ತಡೆದು, ಆಮೇಲೆ ಬಿಡುತ್ತದೆ. ಅದು ದೋಷವಲ್ಲ, ಸೇನಾ ರೈಫಲ್ಲಿನ ಸಹಜ ರೀತಿ.

ಮರದ ಮುಂಭಾಗಕ್ಕೆ ತಂತಿ ಸುತ್ತಿದ ಇಶಾಪುರ ರೈಫಲ್ಲುಗಳು ಗ್ರೆನೇಡ್ ಹಾರಿಸಲು ದುಡಿದಂಥವು, ಗುಂಡಿಗಿಂತ ಬಹಳ ಹೆಚ್ಚಿನ ಪೆಟ್ಟು ತಿಂದಿರುತ್ತವೆ. ‘ಡಿ.ಪಿ.’ ಎಂಬ ಮುದ್ರೆಯಿರುವವು ಕವಾಯತಿಗೆಂದೇ ಮೀಸಲಾದವು. ಇವೆರಡೂ ಗೋಡೆಯ ಮೇಲೆ ಚೆಂದ, ಹಾರಿಸಲು ಬೇಡ. ನಳಿಗೆ ಕತ್ತರಿಸಿ ‘ಜಂಗಲ್ ಕಾರ್ಬೈನ್’ ಎಂಬಂತೆ ಮಾಡಿದ 2ಎ1ಗಳೂ ಇಲ್ಲಿವೆ, ಅವು ಸೇನೆಯವಲ್ಲ, ಇಲ್ಲಿನ ಆಮದುದಾರರ ಕೈಚಳಕ, ಸಂಗ್ರಹದ ಬೆಲೆ ಅವಕ್ಕಿಲ್ಲ.

ಪಕ್ಕದ ಮೇಜಿನ ಮೊಸಿನ್-ನಗಾಂತ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತುಲಾ ಮತ್ತು ಇಷೆವ್‌ಸ್ಕ್ ಕಾರ್ಖಾನೆಗಳಲ್ಲಿ ಕೋಟಿಗಟ್ಟಲೆ ತಯಾರಾಗಿ, ಯುದ್ಧದ ನಂತರ ದುರಸ್ತಿಯಾಗಿ, ದಪ್ಪ ಗ್ರೀಸಿನಲ್ಲಿ ಮುಳುಗಿಸಿ ಗೋದಾಮಿನಲ್ಲಿಟ್ಟಿದ್ದ ಈ ರೈಫಲ್ಲು ಸೋವಿಯತ್ ಒಕ್ಕೂಟ ಒಡೆದ ಮೇಲೆ ಇಲ್ಲಿಗೆ ಹರಿದುಬಂದು, 2000ರ ದಶಕದಲ್ಲಿ ನೂರು ಡಾಲರಿನೊಳಗೆ ಸಿಗುತ್ತಿತ್ತು. ಅಗ್ಗವೆಂಬ ಅದರ ಹೆಸರು ಆ ಕಾಲದ್ದು, ಈಗ ಅದರ ಬೆಲೆಯೂ ನಿಮ್ಮ ಇಶಾಪುರದ್ದರ ಬೆಲೆಯ ಮಟ್ಟಕ್ಕೆ ಏರಿದೆ. ಗಟ್ಟಿಮುಟ್ಟಾದದ್ದು ನಿಜ, ನಯವಿಲ್ಲ. ಬೋಲ್ಟ್ ಬಿಸಿಯಾದಾಗ ಕಚ್ಚಿಕೊಳ್ಳುತ್ತದೆಂದು ದೂರುವವರು ಹೆಚ್ಚಿನ ವೇಳೆ ಚೇಂಬರಿನಲ್ಲಿ ಉಳಿದ ಹಳೆಯ ಗ್ರೀಸನ್ನು ತೆಗೆದಿರುವುದಿಲ್ಲ. ಇದೇ ಗ್ರೀಸು ಎಸ್‌ಕೆಎಸ್ ರೈಫಲ್ಲಿನ ಬೋಲ್ಟಿನೊಳಗೆ ಉಳಿದರೆ ಕಥೆ ಬೇರೆ: ತೋಟೆಯನ್ನು ಹೊಡೆದು ಸಿಡಿಸುವ ಸೂಜಿ ಮುಂದಕ್ಕೆ ಅಂಟಿಕೊಂಡು, ಬೋಲ್ಟ್ ಮುಚ್ಚಿದೊಡನೆ ಕುದುರೆ ಮುಟ್ಟದೆಯೇ ಗುಂಡು ಹಾರಬಹುದು. ಯಾವ ಹಳೆಯ ರೈಫಲ್ಲಾದರೂ ಬೋಲ್ಟನ್ನು ಪೂರ್ತಿ ಬಿಚ್ಚಿ ಮಿನರಲ್ ಸ್ಪಿರಿಟ್‌ನಲ್ಲಿ ತೊಳೆದೇ ಹಾರಿಸಬೇಕು. ಪೆಟ್ರೋಲಿನಲ್ಲಿ ತೊಳೆಯುವ ಸಾಹಸ ಬೇಡ.

ತುಕ್ಕಿನ ವಿಷಯ ಸರಳ. ಹಳೆಯ ಸೇನಾ ತೋಟೆಗಳ ತಳದಲ್ಲಿ ಕಿಡಿ ಹೊತ್ತಿಸುವ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಅದು ಉರಿದಾಗ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪು, ಅಡುಗೆ ಉಪ್ಪಿನ ದಾಯಾದಿ. ನಳಿಗೆಯಲ್ಲಿ ಕುಳಿತು ಗಾಳಿಯ ತೇವ ಹೀರಿಕೊಳ್ಳುತ್ತದೆ, ಹ್ಯೂಸ್ಟನ್ ಕಡೆಯ ಹವೆಯಲ್ಲಿ ಒಂದೆರಡು ದಿನದಲ್ಲೇ ಕೆಂಪು ಕಾಣಿಸಿಕೊಳ್ಳಬಹುದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲವಾದ್ದರಿಂದ ಎಣ್ಣೆ ಬಟ್ಟೆ ಎಳೆದು ಮನೆಗೆ ಬಂದವರೆಲ್ಲ ಉಪ್ಪಿನ ಮೇಲೆಯೇ ಎಣ್ಣೆ ಬಳಿದು ಬಂದಂತೆ. ಗಾಜು ಒರೆಸುವ ಅಮೋನಿಯಾ ದ್ರಾವಣ ಉಪ್ಪನ್ನು ‘ಕೊಲ್ಲುತ್ತದೆ’ ಎಂಬ ನಂಬಿಕೆಯೂ ಇದೆ. ಅಲ್ಲಿ ಕೆಲಸ ಮಾಡುವುದು ಅಮೋನಿಯಾ ಅಲ್ಲ, ದ್ರಾವಣದಲ್ಲಿರುವ ನೀರು. ಶೂಟಿಂಗ್ ಮುಗಿದ ದಿನವೇ ಚೇಂಬರಿನ ಕಡೆಯಿಂದ ಕುದಿನೀರು ಹೊಯ್ದು, ಬೋಲ್ಟಿನ ಮುಖವನ್ನೂ ತೊಳೆದು, ಒಣಬಟ್ಟೆ ಎಳೆದು, ಆಮೇಲೆ ಎಣ್ಣೆ ಸವರಿದರೆ ನಳಿಗೆಗೆ ಏನೂ ಆಗದು. ನೀವು ಹೊಸ 7.62 ತೋಟೆಯನ್ನೇ ಬಳಸುವುದಾದರೆ ಈ ಸಮಸ್ಯೆ ನಿಮಗೆ ಎದುರಾಗುವುದೇ ಇಲ್ಲ.

ನಿಮ್ಮ ಮುಂದಿರುವ ದಾರಿಗಳಲ್ಲಿ ನಾನು ಒಪ್ಪುವುದು ಇಷ್ಟು. ಗುರಿ ಹೊಡೆಯುವುದನ್ನು ಕಲಿಯುವುದೇ ಮುಖ್ಯವಾದರೆ ಈ ಎರಡೂ ರೈಫಲ್ಲುಗಳನ್ನು ಬಿಟ್ಟು ಹೊಸ .22 ಬೋಲ್ಟ್ ರೈಫಲ್ಲು ಕೊಳ್ಳಿ. 7.62ರ ಒಂದೊಂದು ತೋಟೆಗೂ ಇಂದು ಹೆಚ್ಚುಕಡಿಮೆ ಒಂದು ಡಾಲರ್ ತೆರಬೇಕು, ನಾಲ್ಕೈದು ಸಲ ರೇಂಜಿಗೆ ಹೋದರೆ ರೈಫಲ್ಲಿನ ಬೆಲೆಯನ್ನು ಮತ್ತೊಮ್ಮೆ ಕೊಟ್ಟಂತೆ. .22ರ ತೋಟೆಗೆ ಅದರ ಹತ್ತನೇ ಒಂದು ಪಾಲಿನ ಆಸುಪಾಸು. ನಮ್ಮ ದೇಶದ ಕಾರ್ಖಾನೆಯ ಮುದ್ರೆಯಿರುವ ರೈಫಲ್ಲೊಂದು ಮನೆಯಲ್ಲಿರಲಿ, ವರ್ಷಕ್ಕೆ ಕೆಲವು ಬಾರಿ ಹಾರಿಸೋಣ ಎಂಬುದಾದರೆ 2ಎ1 ಒಳ್ಳೆಯ ಆಯ್ಕೆ. ನಳಿಗೆ ಚೆನ್ನಾಗಿದ್ದು, ಬೋಲ್ಟಿನ ಸಂಖ್ಯೆ ಹೊಂದಿಕೊಂಡಿದ್ದರೆ 450 ಡಾಲರ್ ಅನ್ಯಾಯದ ಬೆಲೆಯಲ್ಲ. ಸಂಖ್ಯೆ ಬೇರೆಯಿದ್ದರೆ ಚೌಕಾಸಿ ಮಾಡಿ. ಗೇಜು ಹಾಕಿಸುವ ಖರ್ಚು, ಉಕ್ಕಿನ ಪೆಟ್ಟಿಗೆಯ ಖರ್ಚು ಮೊದಲೇ ಲೆಕ್ಕದಲ್ಲಿರಲಿ. ಮರಕ್ಕೆ ಮರಳುಕಾಗದ ಹಚ್ಚಿ ವಾರ್ನಿಷ್ ಬಳಿಯಬೇಡಿ, ಅಲ್ಲಿಗೆ ಬೆಲೆ ಅರ್ಧವಾಗುತ್ತದೆ. ಅಗಸೆ ಎಣ್ಣೆ ತೆಳ್ಳಗೆ ಉಜ್ಜಿದರೆ ಸಾಕು. ಉಜ್ಜಿದ ಬಟ್ಟೆಯನ್ನು ಮುದ್ದೆ ಮಾಡಿ ಗ್ಯಾರೇಜಿನಲ್ಲಿ ಎಸೆಯದೆ ಹರಡಿ ಒಣಗಿಸಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುವುದುಂಟು.

ಹಳೆಯ ರೈಫಲ್ಲುಗಳ ರುಚಿ ಹತ್ತಿ ಇನ್ನಷ್ಟು ಕೊಳ್ಳುವಂತಾದರೆ ಸಂಗ್ರಾಹಕರ ಲೈಸೆನ್ಸ್ ಎಂಬುದೊಂದಿದೆ. ಮೂರು ವರ್ಷಕ್ಕೆ 30 ಡಾಲರ್, 50 ವರ್ಷ ದಾಟಿದ, ಮೂಲ ಸ್ವರೂಪದಲ್ಲಿರುವ ಬಂದೂಕುಗಳಿಗೆ ಅನ್ವಯಿಸುತ್ತದೆ. ನಿಮ್ಮ 1967ರ ರೈಫಲ್ಲು ಆ ಗಡಿ ದಾಟಿದೆ. ಅಮೆರಿಕ ಸೇನೆಯ ಎಂ1 ಗರಾಂಡ್ ಮಾರುವ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಮಾತ್ರ ಅಮೆರಿಕದ ಪ್ರಜೆಗಳಿಗೆ ಸೀಮಿತ, ಪೌರತ್ವ ಬರುವವರೆಗೆ ಕಾಯಬೇಕು. ಇನ್ನೊಂದು ಎಚ್ಚರಿಕೆ: ಸ್ಪ್ರಿಂಗ್‌ಫೀಲ್ಡ್ 1903 ಎಂಬ ಚೆಂದದ ರೈಫಲ್ಲು ಸಿಕ್ಕರೆ ಸಂಖ್ಯೆ ನೋಡಿ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯದು 8,00,000ಕ್ಕಿಂತ ಕಡಿಮೆ, ರಾಕ್ ಐಲೆಂಡಿನದು 2,85,507ಕ್ಕಿಂತ ಕಡಿಮೆ ಇದ್ದರೆ ಹಾರಿಸಬೇಡಿ. ಆಗ ಉಕ್ಕು ಎಷ್ಟು ಕಾದಿದೆಯೆಂಬುದನ್ನು ಕಣ್ಣಳತೆಯಲ್ಲಿ ನಿರ್ಧರಿಸುತ್ತಿದ್ದರು, ಅತಿಯಾಗಿ ಕಾದು ಪೆಡಸಾದ ರಿಸೀವರುಗಳು ನಿಜವಾಗಿಯೂ ಒಡೆದಿವೆ. ಮುಖಕ್ಕೆ ಸಿಡಿಯುವ ರೈಫಲ್ಲೆಂಬ ಅಪವಾದ ಇಶಾಪುರಕ್ಕಿಂತ ಅವಕ್ಕೇ ಸಲ್ಲಬೇಕು.

ಊರಿಗೆ ಒಯ್ಯುವ ಆಲೋಚನೆಯನ್ನು ಕೈಬಿಡಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಅದು ಕೋವಿ ಇಟ್ಟುಕೊಳ್ಳಲು ಬೇಕಾದ ಪರವಾನಗಿಯಿಂದ ವಿನಾಯಿತಿಯೇ ಹೊರತು ವಿದೇಶದಿಂದ ತರಲು ಅನುಮತಿಯಲ್ಲ. ಭಾರತದ ಶಸ್ತ್ರಾಸ್ತ್ರ ನಿಯಮಗಳಲ್ಲಿ .303 ಅಥವಾ 7.62 ಸೇನಾ ತೋಟೆಯನ್ನು ಹಾರಿಸಬಲ್ಲ ಬೋಲ್ಟ್ ರೈಫಲ್ಲುಗಳು ನಿಷೇಧಿತ ವರ್ಗದಲ್ಲಿವೆ. ವಾಸಸ್ಥಳ ಬದಲಿಸಿ ಭಾರತಕ್ಕೆ ಮರಳುವವರಿಗೆ ಸುಂಕ ತೆತ್ತು ಒಂದು ಬಂದೂಕು ತರುವ ಅವಕಾಶವನ್ನು ಕಸ್ಟಮ್ಸ್ ನಿಯಮಗಳು ಕೊಡುತ್ತವೆಯಾದರೂ ಅದು ಅನುಮತಿಸಿದ ಬೋರಿನದೇ (ನಳಿಗೆಯ ಅಳತೆಯದೇ) ಆಗಿರಬೇಕು. ಹೀಗಾಗಿ ಭಾರತದಲ್ಲೇ ತಯಾರಾದ ಈ ರೈಫಲ್ಲಿಗೆ ಭಾರತದ ಮನೆಯೊಳಗೆ ಪ್ರವೇಶವಿಲ್ಲ. ಸೇನೆಯ ಬೋರು ಜನಸಾಮಾನ್ಯರ ಕೈಗೆ ಹೋಗಬಾರದೆಂಬ ಬ್ರಿಟಿಷರ ಕಾಲದ ನೀತಿಯ ಮುಂದುವರಿಕೆ ಇದು, ಊರಿನಲ್ಲಿ ಕಾಣುವ .315 ರೈಫಲ್ಲು ಹುಟ್ಟಿಕೊಂಡದ್ದೂ ಅದೇ ಕಾರಣಕ್ಕೆ. ತೋಕ್‌ಪೂ ಹೂವನ್ನು ಹಬ್ಬಕ್ಕೆ ಮುಡಿಸಲು ನಿಮ್ಮ ಐನ್‌ಮನೆಯಲ್ಲಿರುವ ಕೋವಿಯೇ ಸಾಕು. ಮರಳುವ ದಿನ ಬಂದಾಗ ಈ ರೈಫಲ್ಲನ್ನು ಪರವಾನಗಿ ಇರುವ ವ್ಯಾಪಾರಿಗೆ ಮಾರಿ, ರಸೀದಿ ಇಟ್ಟುಕೊಳ್ಳಿ. ಅಲ್ಲಿಯವರೆಗೆ, ರಜೆಗೆ ಊರಿಗೆ ಹೊರಡುವಾಗ, ರೇಂಜಿಗೆ ಒಯ್ಯುವ ಚೀಲವನ್ನು ಯಾವ ಕಾರಣಕ್ಕೂ ಪ್ರಯಾಣಕ್ಕೆ ಬಳಸಬೇಡಿ. ಜೇಬಿನ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ತೋಟೆ ಭಾರತದ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆ ದಾಖಲಾಗುತ್ತದೆ. ಅರಿವಿಲ್ಲದೆ ಉಳಿದದ್ದೆಂದು ನ್ಯಾಯಾಲಯ ಒಪ್ಪಿದರೂ, ಅದು ಇತ್ಯರ್ಥವಾಗುವವರೆಗೆ ವಿಚಾರಣೆಗೆ ಓಡಾಡಬೇಕಾದವರು ನೀವೇ.